ತೋಟಪ್ಪನವರ ‘ಹೌದು’

“ಮಾವನವರನ್ನ ನಾನು ತಳ್ಳಿಲ್ಲ ರೀ. ಆದ್ರೆ ಅವರೇ ಹೌದು ಅಂತಿದ್ದಾರೆ,” ಎಂದಳು ದೀಪಶ್ರೀ.

ಎದುರಿಗೆ ಕೂತಿದ್ದ ಸೊರಬದ ನರ್ಮದಾ ಅವರು ವೈದ್ಯಕೀಯ ಕಾಲೇಜೊಂದರಲ್ಲಿ ವರ್ಷಗಟ್ಟಲೆ ನರಮಂಡಲದ ಪಾಠ ಹೇಳಿ ನಿವೃತ್ತರಾದವರು. ಸುತ್ತಲಿನವರ ಕಳವು, ಕಲಹ, ಕಾಣೆಯಾದ ಬಂಗಾರ ಎಲ್ಲವೂ ಕೊನೆಗೆ ಅವರ ಜಗುಲಿಗೇ ಬರುತ್ತಿದ್ದವು. ಅವರ ಕಾರಿಗೆ ತಮ್ಮ ಚಿದಂಬರನೇ ಸಾರಥಿ. ಅಕ್ಕನ ಬುದ್ಧಿಯಲ್ಲಿ ಅರ್ಧ ತನಗೂ ಬಂದಿದೆಯೆಂದು ಅವನು ನಂಬಿದ್ದ. ಅದಕ್ಕೆ ಆಧಾರ ಮಾತ್ರ ಈವರೆಗೆ ಸಿಕ್ಕಿರಲಿಲ್ಲ.

ಶಿಕಾರಿಪುರದಿಂದ ಬಸ್ಸಿನಲ್ಲಿ ಬಂದಿದ್ದ ದೀಪಶ್ರೀ ನಡೆದದ್ದನ್ನು ಹೇಳಿದಳು. ಹೋದ ವಾರ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮಧ್ಯಾಹ್ನ ಊಟ ಮುಗಿಸಿ ಅವರು ಹೊರಟ ಮೇಲೆ ಮಹಡಿಯಲ್ಲಿ ಏನೋ ಬಿದ್ದ ಸದ್ದು.

“ಓಡಿಹೋಗಿ ಚಿಲಕ ತೆಗೆದೆ. ಮಾವ ನೆಲದ ಮೇಲಿದ್ರು, ಹಣೆ ಒಡೆದಿತ್ತು. ಅಂಗಿಯ ಬಲತೋಳು ಖಾಲಿ ಜೋತಾಡ್ತಿತ್ತು. ವಿಭೂತಿ ಸೊಟ್ಟಗಾಗಿ ಹುಬ್ಬಿನವರೆಗೂ ಬಳಕೊಂಡಿತ್ತು. ಹಿಂದೇ ಬಂದ ನಮ್ಮನೆಯವರು, ನೀನೇ ತಳ್ಳಿದ್ದು ಅಂದ್ರು. ನಾನು ಕೆಲಸಕ್ಕೆ ಹೋಗೋ ವಿಷಯಕ್ಕೆ ಹಿಂದಿನ ದಿನ ಮಾವನ ಜೊತೆ ಮಾತಿಗೆ ಮಾತು ಬೆಳೆದಿತ್ತು. ಈಗ ಅವರ ಬಲಭಾಗ ಬಿದ್ದುಹೋಗಿದೆ, ತಲೇಲಿ ರಕ್ತ ಹೆಪ್ಪುಗಟ್ಟಿದೆ ಅಂದ್ರು ಆಸ್ಪತ್ರೇಲಿ. ದೀಪಾ ತಳ್ಳಿದ್ಲಾ ಅಂತ ಎಲ್ಲರ ಎದುರು ಕೇಳಿದ್ರೆ ಹೌದು ಅಂದ್ರು. ನಾಳೆ ಪೊಲೀಸರಿಗೆ ಕಂಪ್ಲೇಂಟ್ ಕೊಡ್ತಾರಂತೆ. ಮಗಳನ್ನ ನನಗೆ ಕೊಡಲ್ಲ ಅಂತಾರೆ ರೀ.”

“ಚಿಲಕ ಹೊರಗಿನದಾ?” ನರ್ಮದಾ ಕೇಳಿದರು.

“ಹೂಂ, ಹೊರಗಿಂದು.”

ಬಿದ್ದವರೇ ಸಾಕ್ಷಿ ಹೇಳಿದ ಮೇಲೆ ಇನ್ನೇನಿದೆ ಎಂದು ಚಿದಂಬರ ಅಕ್ಕನ ಕಿವಿಯಲ್ಲಿ ಗೊಣಗಿದ.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಮಾರಾಯ. ನೀನು ಕಂಡೇ ಇಲ್ಲ. ಕಾರು ತೆಗಿ.”

ಶಿಕಾರಿಪುರದ ಮನೆಯ ಪಡಸಾಲೆಯಲ್ಲಿ ದೀಪಶ್ರೀಯ ಮಾವ ತೋಟಪ್ಪನವರು ಮಂಚದ ಮೇಲಿದ್ದರು. ಭಾರೀ ಆಳು, ಅಡಿಕೆ ವ್ಯಾಪಾರಿ. ಹೆಂಡತಿ ನೀಲಾಂಬಿಕ ಕಾಲಬಳಿ, ಮಗ ರಾಜಕುಮಾರ್ ತಲೆಬಳಿ.

“ಇವರು ಮಹಡಿ ಹತ್ತುತ್ತಿದ್ದರಾ?” ನರ್ಮದಾ ಕೇಳಿದರು.

“ಎಲ್ಲಿ ರೀ, ಮೊಣಕಾಲು ನೋವು. ಕೆಳಗೇ ಮಲಗ್ತಿದ್ರು,” ಎಂದರು ನೀಲಾಂಬಿಕ.

ನರ್ಮದಾ ಮಂಚದ ಮೇಲೆ ಬಾಗಿದರು. “ದೀಪಶ್ರೀ ತಳ್ಳಿದಳಾ?”

“ಹೌದು.”

“ನಾನು ತಳ್ಳಿದೆನಾ?”

“ಹೌದು.”

“ನಿಮ್ಮ ಹೆಸರು ಚಿದಂಬರ ಅಲ್ವಾ?”

“ಹೌದು,” ಎಂದ ತೋಟಪ್ಪನವರ ಕಣ್ಣಲ್ಲಿ ನೀರು ತುಂಬಿತು. ಎಡಗೈ ಗಾಳಿಯಲ್ಲಿ ತಡಕಾಡಿತು. ಬಾಯಿಂದ ಮತ್ತೆ ಅದೇ ಮಾತು ಹೊರಟಿತು. ಚಿದಂಬರ ನೋಡಲಾಗದೆ ಮುಖ ತಿರುಗಿಸಿದ.

“ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುತ್ತೆ,” ಎಂದರು ನರ್ಮದಾ. “ನರಗಳು ತಲೆಬುಡದಲ್ಲಿ ಆ ಕಡೆಯಿಂದ ಈ ಕಡೆಗೆ ದಾಟ್ತವೆ. ಮಾತಿನ ಜಾಗವೂ ಹೆಚ್ಚಿನವರಿಗೆ ಎಡಗಡೆಯೇ. ಅಲ್ಲಿಗೆ ರಕ್ತ ಹೋಗುವ ದಾರಿಯಲ್ಲಿ ಹೆಪ್ಪು ಕೂತಿದೆ. ಏನು ಹೇಳೋಕೆ ಹೋದರೂ ಬಾಯಿಗೆ ಬರೋದು ಅದೊಂದೇ ಮಾತು.”

“ಇವಳು ತಳ್ಳಿದ್ದಕ್ಕೇ ಹೆಪ್ಪಾಗಿದ್ದು,” ಎಂದ ರಾಜಕುಮಾರ್.

“ಅಲ್ಲ. ವಿಭೂತಿ ಹಚ್ಚೋದು ಬೆಳಿಗ್ಗೆ ಸ್ನಾನ ಆದ ಮೇಲೆ. ಆಗಲೇ ಬಲಗೈ ಸೋತಿತ್ತು, ಅದಕ್ಕೇ ವಿಭೂತಿ ಸೊಟ್ಟಗಾಯ್ತು, ಅಂಗಿಯ ತೋಳಿಗೂ ತೂರಲಿಲ್ಲ. ಬಿದ್ದಿದ್ದು ಮಧ್ಯಾಹ್ನ, ಎದ್ದು ನಿಲ್ಲೋಕೆ ಹೋಗಿ. ಯಾರೂ ತಳ್ಳಿಲ್ಲ. ಆದರೆ ಕಾಲೆಳೆಯುತ್ತಿದ್ದ ಈ ಭಾರೀ ದೇಹವನ್ನು ಮಹಡಿಗೆ ಹತ್ತಿಸಿ, ಹೊರಗಿಂದ ಚಿಲಕ ಹಾಕಿದವರಿದ್ದಾರೆ. ಅದಕ್ಕೆ ಗಟ್ಟಿ ತೋಳು ಬೇಕು. ಈ ಮನೆಯಲ್ಲಿ ಅದು ಒಬ್ಬರಿಗೇ ಇರೋದು.”

ನೀಲಾಂಬಿಕ ಮಗನತ್ತ ತಿರುಗಿದರು. “ಅಪ್ಪ ಮಾರ್ಕೆಟ್ಟಿಗೆ ಹೋಗ್ಯಾರೆ ಅಂದಿದ್ಯಲ್ಲೋ.”

ರಾಜಕುಮಾರ್ ಗೋಡೆಯ ಬದಿಗೆ ಸರಿದು ಕೂತ. “ಕುಡಿದಿದ್ದಾರೆ ಅಂದ್ಕೊಂಡೆ ರೀ. ಮಾತು ತೊದಲ್ತಿತ್ತು, ತೂರಾಡ್ತಿದ್ರು. ಹೋದ ವರ್ಷ ದೊಡ್ಡಪ್ಪನ ಮನೇಲಿ ಕುಡಿದು ಹಿಂಗೇ ಆಡಿದ್ರು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ. ತಂಗಿ ಸಂಬಂಧ ಕೆಡಬಾರದು ಅಂತ ಕೂಡಿಹಾಕಿದೆ. ಬಾಯಿ ವಾಸನೆನಾದ್ರೂ ನೋಡಬೇಕಿತ್ತು. ನೋಡಲಿಲ್ಲ.”

“ಚಿಲಕದ ವಿಷಯ ಮುಚ್ಚೋಕೆ ಅವರ ‘ಹೌದು’ ನಿಮಗೆ ಬೇಕಾಗಿತ್ತು,” ಎಂದರು ನರ್ಮದಾ.

“ಆಗಲೇ ಆಸ್ಪತ್ರೆಗೆ ಹೋಗಿದ್ರೆ?” ಎಂದ ರಾಜಕುಮಾರ್.

“ಹೆಪ್ಪು ಕರಗಿಸೋ ಔಷಧಿ ಮೊದಲ ಕೆಲವು ಗಂಟೆಗೆ ಮಾತ್ರ. ಗುಣ ಆಗ್ತಿತ್ತು ಅಂತ ಹೇಳಲಾರೆ. ಕೊಡಬಹುದಿತ್ತು.”

ಬಾಗಿಲಲ್ಲಿ ನಿಂತಿದ್ದ ದೀಪಶ್ರೀ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಗೆದ್ದವಳ ಮುಖ ಅದಾಗಿರಲಿಲ್ಲ.

ರಾಜಕುಮಾರ್ ಮಂಚದ ಬಳಿಗೆ ತೆವಳಿ ಬಂದು ತಂದೆಯ ನಿರ್ಜೀವ ಬಲಗೈಯನ್ನು ಹಿಡಿದುಕೊಂಡ.

“ಅಪ್ಪಾ, ನನ್ನನ್ನ...” ಎಂದವನು ಅಲ್ಲಿಗೇ ನಿಲ್ಲಿಸಿದ. ಏನು ಕೇಳಿದರೂ ಬರುವ ಉತ್ತರ ಯಾವುದೆಂದು ಅವನಿಗೆ ಗೊತ್ತಿತ್ತು.