ಕಟ್ಟಿಗೆ ತೊಂಬತ್ತೆಂಟು

ಅಂಚೆಯ ಕಾನೂನನ್ನು ಪೂರ್ತಿ ತಿಳಿಯದೆ ಈ ಪ್ರಕರಣವನ್ನು ಹೇಳಲು ಹೊರಟಿದ್ದಕ್ಕೆ ಕ್ಷಮೆ ಇರಲಿ. ತಪ್ಪೇನಾದರೂ ಕಂಡರೆ ಅದು ಹೇಳಿದವರದು, ಠಾಣೆಯ ಕಡತದ್ದಲ್ಲ.

ಮಾರ್ಚ್ ಹನ್ನೊಂದರ ಬೆಳಗ್ಗೆ 10:20ಕ್ಕೆ ಪೋಸ್ಟ್‌ಮಾಸ್ಟರ್ ಠಾಣೆಗೆ ಬಂದು, ಪೀಠೋಪಕರಣದ ಅಂಗಡಿಯೊಂದರ ಕರಪತ್ರವನ್ನು ಇನ್ಸ್‌ಪೆಕ್ಟರ್ ಮುಂದಿಟ್ಟರು. ವಿಳಾಸವಿಲ್ಲದ ಜಾಹೀರಾತು ಅಂಚೆ ಅದು, ಊರಿನ ಮನೆಮನೆಗೂ ಒಂದೊಂದು. ದರ ಕಡಿಮೆ, ನಿಯಮ ಬಿಗಿ: ಎಲ್ಲವೂ ಒಂದೇ ಅಚ್ಚಿನವಾಗಿರಬೇಕು, ಕೈಬರಹದ ಒಂದಕ್ಷರವೂ ಇರಕೂಡದು. ಆದರೆ ಮಂಚದ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: "ಅಕ್ಕಾ, ಅಮ್ಮನ ಬಳೆ ಸಿಕ್ಕಿತು. ತಪ್ಪು ನನ್ನದೇ. ಮನೆಗೆ ಬಾ."

ಪರಿಶೀಲಿಸಿದೆ ಎಂದು ಮುದ್ರೆ ಒತ್ತಿದ್ದ ಕೌಂಟರಿನ ಗುಮಾಸ್ತೆಯ ಮೇಲೆ ಮೇಲಧಿಕಾರಿಗಳ ಕಣ್ಣು ಬಿದ್ದಿತ್ತು. ಬರೆದವರು ಸಿಗದಿದ್ದರೆ ಶುಕ್ರವಾರ ಅವಳ ಅಮಾನತು ಖಚಿತ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಅಂಚೆ ಕಚೇರಿಯಲ್ಲಿ ಪಂಚನಾಮೆ. ನಲವತ್ತು ಕಟ್ಟುಗಳಲ್ಲಿ ಇಪ್ಪತ್ತು ಆಗಲೇ ಹಂಚಿಹೋಗಿದ್ದವು. ಉಳಿದವನ್ನು ಬಿಚ್ಚುತ್ತ ಹೋದ ಕಾನ್‌ಸ್ಟೆಬಲ್ ಮೂರನೆಯ ಕಟ್ಟಿಗೇ ಕೈ ನಿಲ್ಲಿಸಿದ. ಹಾಳೆಯ ಮೇಲೆ ಹಾಳೆ, ಅದೇ ಸಾಲು, ಅದೇ ಕೈ. ಎಲ್ಲೂ ಅವಸರವಿಲ್ಲ, ಒಂದು ಕೊಂಬೂ ತಪ್ಪಿಲ್ಲ.

"ಒಂದು ವರದಿಗೆ ಮೂರು ಪ್ರತಿ ಬರೆಯೋಷ್ಟರಲ್ಲಿ ನನ್ನ ಕೈ ಬಿದ್ದುಹೋಗುತ್ತೆ, ಸಾರ್."

ಇನ್ಸ್‌ಪೆಕ್ಟರ್ ನಗಲಿಲ್ಲ. ದೊಡ್ಡವರ ಮುಂದೆ ನಿಂತಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನೂರರ ಪ್ರತಿ ಕಟ್ಟಿನಲ್ಲೂ ಮೇಲಿನದೊಂದು, ಕೆಳಗಿನದೊಂದು ಮಾತ್ರ ಪೆನ್ಸಿಲ್ ಮುಟ್ಟದವು ಎಂಬುದು ಆಗ ಕಣ್ಣಿಗೆ ಬಿತ್ತು. ಗುಮಾಸ್ತೆಯನ್ನು ಕರೆಸಿದರು.

"ಹೇಗಮ್ಮಾ ಪರಿಶೀಲಿಸ್ತೀರಿ?"

"ಮೇಲಿಂದೊಂದು, ಕೆಳಗಿಂದೊಂದು ತೆಗೆದು ನೋಡ್ತೀವಿ ಸಾರ್. ಮೊದಲಿಂದಲೂ ಹಾಗೇ."

"ಅದು ಯಾರಿಗೆ ಗೊತ್ತು?"

"ಕಟ್ಟು ತಂದವರಿಗೆ. ಅವರ ಎದುರಿಗೇ ನೋಡ್ತೀವಲ್ಲ." ತಡೆದು ಹೇಳಿದಳು, "ತರೋದು ಯಾವಾಗಲೂ ಪ್ರೆಸ್ಸಿನ ಮೌನಿ. ಮಾತೇ ಆಡಲ್ಲ, ಅದಕ್ಕೇ ಹಾಗೆ ಕರೀತೀವಿ."

ಮೂರೂ ಕಾಲಿಗೆ ಮುದ್ರಣಾಲಯ. ಮೌನಿ ಹಾಳೆ ಮಡಚುತ್ತಿದ್ದ. ಐವತ್ತರ ಆಸುಪಾಸು, ಬಲಗೈಯ ನಡುಬೆರಳು ಪೆನ್ಸಿಲ್ ಒತ್ತಿ ಜಡ್ಡುಗಟ್ಟಿತ್ತು. ಕರಪತ್ರ ತೋರಿಸಿದಾಗ ತಲೆಯಾಡಿಸಿ ಒಪ್ಪಿಕೊಂಡ.

"ಯಂತ್ರ ಪಕ್ಕದಲ್ಲೇ ಇದೆ. ಅಂಗಡಿಯವರನ್ನ ಒಪ್ಪಿಸಿ ಆ ಸಾಲನ್ನೂ ಅಚ್ಚು ಹಾಕಿದ್ರೆ ಯಾವ ನಿಯಮವೂ ಅಡ್ಡ ಬರ್ತಿರಲಿಲ್ಲ. ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್. ಅಚ್ಚಾದ್ರೆ ಜಾಹೀರಾತು ಅಂತ ಬಿಸಾಕ್ತಾಳೆ. ಕೈಬರಹ ಆದ್ರೆ ಗುರುತು ಹಿಡೀತಾಳೆ. ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳೇ ಅವಳು."

ಉಳಿದದ್ದನ್ನು ಹೇಳಿಕೆಯಲ್ಲಿ ಬರೆಸಿದ. ಒಂಬತ್ತು ವರ್ಷದ ಹಿಂದೆ ಅಮ್ಮನ ಬಳೆ ಕಾಣೆಯಾದಾಗ ಅಕ್ಕನನ್ನು ಕಳ್ಳಿ ಎಂದಿದ್ದ. ಅವಳು ಉಟ್ಟ ಬಟ್ಟೆಯಲ್ಲೇ ಹೊರಟುಹೋದಳು. ಕಳೆದ ವರ್ಷ ಸುಣ್ಣ ಬಳಿಯಲು ಕಪಾಟು ಸರಿಸಿದಾಗ ಬಳೆ ಗೋಡೆಯ ಸಂದಿನಲ್ಲಿತ್ತು. ಇದೇ ಊರಲ್ಲಿ ಬಸ್ಸಿಳಿಯುತ್ತಿದ್ದ ಅವಳನ್ನು ಯಾರೋ ಕಂಡಿದ್ದರಂತೆ. ಬೀದಿ ಗೊತ್ತಿಲ್ಲ. ವಿಳಾಸವಿಲ್ಲದೆ ಎಲ್ಲ ಬಾಗಿಲಿಗೂ ಹೋಗುವುದು ಈ ಅಂಚೆಯೊಂದೇ. ಕರಪತ್ರಗಳು ಅಂಚೆಗೆ ಹೋಗುವ ಮುನ್ನ ನಲವತ್ತು ದಿನ ಪ್ರೆಸ್ಸಿನಲ್ಲೇ ಇದ್ದವು. ಊಟದ ಹೊತ್ತಿನಲ್ಲಿ ದಿನಕ್ಕೊಂದು ಕಟ್ಟು ಬರೆದ.

4:40ಕ್ಕೆ ಬಂಧನ. ಗುಮಾಸ್ತೆಯ ಕೆಲಸ ಉಳಿಯಿತು. ಮೌನಿ ಜೀಪು ಹತ್ತುವಾಗ ಒಂದೇ ಮಾತು ಕೇಳಿದ: "ಉಳಿದ ಕಟ್ಟುಗಳನ್ನ ಹಂಚ್ತಾರಾ ಸಾರ್?"

ಸಾಕ್ಷ್ಯವನ್ನು ಹಂಚುವಂತಿಲ್ಲ. ಇನ್ಸ್‌ಪೆಕ್ಟರ್ ಅವನು ಕೂರಲು ಜಾಗ ಮಾಡಿಕೊಟ್ಟರು.

ಅಕ್ಕನ ಮನೆ ಹಂಚಿಹೋದ ಅರ್ಧದಲ್ಲಿತ್ತೋ, ಠಾಣೆಯ ಬೀರುವಿನಲ್ಲಿ ಸೀಲಾಗಿ ಕೂತ ಅರ್ಧದಲ್ಲಿತ್ತೋ, ಗೊತ್ತಿಲ್ಲ.