ತೊಳೆದಿಟ್ಟ ಜಾಮ್ ಸೀಸೆ

ಅಪ್ಪ ಇನ್ನಿಲ್ಲ ಎಂಬ ಸುದ್ದಿ ನೋರಾಳಿಗೆ ತಲುಪಿದಾಗ ಅವಳ ಎರಡೂ ಕೈಗೆ ಉಪ್ಪು ಮೆತ್ತಿತ್ತು.

ಆಗಸ್ಟ್ ತಿಂಗಳ ಸಂಜೆ. ಅಡುಗೆಮನೆಯ ಮೇಜಿನ ಮೇಲೆ ದೊಡ್ಡ ಭರಣಿ. ಒಂದು ಪದರ ಹೆಚ್ಚಿದ ಹುರುಳಿಕಾಯಿ, ಅದರ ಮೇಲೆ ಒಂದು ಪದರ ಉಪ್ಪು, ಮತ್ತೆ ಹುರುಳಿಕಾಯಿ... ಹೀಗೆ ತುಂಬುತ್ತಾ ಹೋಗುತ್ತಿದ್ದಳು. ಬೇಸಿಗೆ ಕೊಟ್ಟದ್ದನ್ನು ಚಳಿಗಾಲಕ್ಕೆ ಎತ್ತಿಡುವುದು ಆ ಮನೆಯ ಪದ್ಧತಿ. ತೋಟದಲ್ಲಿ ಬೆಳೆಯುವುದನ್ನು ಅಂಗಡಿಯಲ್ಲಿ ಕೊಳ್ಳುವುದು ಪಾಪವೆಂದೇ ಅವಳ ತಾಯಿ ನಂಬಿದ್ದಳು.

ಹಿಂಬಾಗಿಲನ್ನು ಯಾರೋ ತಟ್ಟಿದರು.

"ತೆಗೆದೇ ಇದೆ ಅಪ್ಪಾ, ಬಾ! ಬೂಟು ಮಾತ್ರ ಹೊರಗೇ ಬಿಡು. ನೆಲ ಈಗ ತಾನೇ ಒರೆಸಿದೀನಿ."

ಯಾರೂ ಒಳಗೆ ಬರಲಿಲ್ಲ.

ತಿರುಗಿ ನೋಡಿದಳು. ಹೊಸ್ತಿಲಾಚೆ ನಿಂತಿದ್ದವನು ಅಪ್ಪನಲ್ಲ. ನಲವತ್ತೈದರ ಆಸುಪಾಸಿನ ಎತ್ತರದ ಗಂಡಸು. ಉಗುರಿನ ಸಂದಿಯಲ್ಲಿ ಎಂಜಿನ್ ಎಣ್ಣೆಯ ಕಪ್ಪು. ತಲೆಗೂದಲನ್ನು ಮಾತ್ರ ನೀರು ಹಚ್ಚಿ ಒಪ್ಪವಾಗಿ ಬಾಚಿದ್ದ. ಕೈಯಲ್ಲಿ ಒಂದು ಟೋಪಿ.

ಅದು ಅಪ್ಪನ ಟೋಪಿ!

"ಮಿಸ್ ಡೆವೆನಿ... ನಾನು ಆಲ್ವಿನ್ ಟೀಸ್‌ಡೇಲ್. ನಿಮ್ಮ ತಂದೆಯ ತೋಟದ ಪಕ್ಕದ್ದೇ ನಂದು."

"ಅವರ ಟೋಪಿ ನಿಮ್ಮ ಕೈಗೆ ಹ್ಯಾಗೆ ಬಂತು?"

ಅವನು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳತ್ತ ಚಾಚಿದ.

ನೋರಾಳಿಗೆ ಅರ್ಥವಾಯಿತು. ಆದರೂ ಉಪ್ಪಿನ ಕೈಯನ್ನು ಏಪ್ರನ್ನಿಗೆ ಒರೆಸುತ್ತಲೇ ಇದ್ದಳು... ಒರೆಸುತ್ತಲೇ ಇದ್ದಳು.

"ತೋಟದ ಶೆಡ್ಡಿನ ಮುಂದೆ ಕೂತಿದ್ರು. ಬಕೆಟ್ ಮಗುಚಿಕೊಂಡು, ಯಾವಾಗ್ಲೂ ಕೂರೋ ಹಾಗೆ. ನಾನು ನಲ್ಲಿ ಹತ್ರ ಹೋಗಿ ಬರೋಷ್ಟರಲ್ಲಿ..."

"ಏನಾದ್ರೂ ಹೇಳಿದ್ರಾ? ಕೊನೇಲಿ?"

ಅವನು ಕಣ್ಣು ತಗ್ಗಿಸಿದ. "ಇಲ್ಲ. ಏನೂ ಹೇಳ್ಲಿಲ್ಲ."

ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಆ ಕ್ಷಣವೇ ಅನಿಸಿತು. ಸಾವಿನ ಸುದ್ದಿ ತರುವವನು ತಲೆ ಬಾಚಿಕೊಂಡು ಬರುತ್ತಾನೆಯೇ? ಅದೊಂದು ಮುಳ್ಳಿನಂತೆ ಅವಳ ಮನಸ್ಸಿನಲ್ಲಿ ಉಳಿಯಿತು.

ಮ್ಯಾಟ್ ಡೆವೆನಿ ಅವರನ್ನು ಶುಕ್ರವಾರ ಮಣ್ಣು ಮಾಡಿದರು. ನಲವತ್ತು ವರ್ಷ ಗಣಿಯಲ್ಲಿ ಕಲ್ಲಿದ್ದಲು ಕಡಿದು, ಆಮೇಲಿನ ಹನ್ನೆರಡು ವರ್ಷ ಬಿಸಿಲಿನಲ್ಲಿ ಕುಳಿತು ಈರುಳ್ಳಿ ಬೆಳೆದ ಮನುಷ್ಯ. ಡರ್ಹಮ್ ಸೀಮೆಯ ಆ ಗಣಿ ಊರಿನಲ್ಲಿ ಅಂಥವರಿಗೆ ಸಿಗುವ ಗೌರವ ಅವರಿಗೂ ಸಿಕ್ಕಿತು. ಚರ್ಚು ತುಂಬಿತ್ತು. ಆಲ್ವಿನ್ ಕೊನೆಯ ಬೆಂಚಿನಲ್ಲಿ ಕುಳಿತಿದ್ದ, ಯಾರೊಡನೆಯೂ ಮಾತಾಡದೆ ಹೋದ.

ಆಮೇಲೆ ಉಳಿದದ್ದು ದಣಿವು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಬಿಸಿ ಹಾಸಿಗೆ ಬಟ್ಟೆ ಮಡಿಸಿ ಮಡಿಸಿ ತೋಳು ಸೋಲುತ್ತಿತ್ತು. ಮನೆಗೆ ಬಂದು, ಪಾತ್ರೆ ತೊಳೆದ ನೀರನ್ನು ಬಕೆಟ್ಟಿಗೆ ಬಸಿದು, ಸಂಘದಿಂದ ಅಪ್ಪ ಬಾಡಿಗೆಗೆ ಪಡೆದಿದ್ದ ಗುಡ್ಡದ ಮೇಲಿನ ತೋಟಕ್ಕೆ ಹೊತ್ತುಕೊಂಡು ಹೋಗುತ್ತಿದ್ದಳು. ಆ ಬೇಸಿಗೆ ಮಳೆ ಮುಖ ತೋರಿಸಿರಲಿಲ್ಲ. ತೋಟಕ್ಕೆ ನಲ್ಲಿ ನೀರು ಬಿಡಬಾರದೆಂದು ಪುರಸಭೆಯ ಆಜ್ಞೆ. ಒಂದು ಬಕೆಟ್ ಈರುಳ್ಳಿಗೆ, ಒಂದು ಹುರುಳಿಕಾಯಿ ಬಳ್ಳಿಗೆ. ಅಷ್ಟಕ್ಕೇ ಸೊಂಟ ಬಿದ್ದುಹೋಗುತ್ತಿತ್ತು.

ಅವಳಿಗೆ ನಲವತ್ತೊಂದು ವರ್ಷ. ಮನೆಯಲ್ಲಿ ಒಬ್ಬಳೇ. ಯಾರಿಗಾಗಿ ಇಷ್ಟೆಲ್ಲ ಎಂದು ಕೇಳಿಕೊಳ್ಳಲೂ ಶಕ್ತಿಯಿರಲಿಲ್ಲ.

ಆದರೂ ಬಿಡುವಂತಿರಲಿಲ್ಲ. ಆ ಬಳ್ಳಿಯ ಬೀಜ ಅವಳ ತಾಯಿ ಮದುವೆಯಾಗಿ ಬಂದಾಗ ಕರವಸ್ತ್ರದಲ್ಲಿ ಕಟ್ಟಿ ತಂದದ್ದು. ನೇರಳೆ ಬಣ್ಣ, ಮೇಲೆ ಕಪ್ಪು ಚುಕ್ಕೆ. ಪ್ರತಿ ವರ್ಷ ಬುಡದ ಹತ್ತಿರದ ಒಳ್ಳೆಯ ಕಾಯಿಗಳನ್ನು ಕೀಳದೆ ಬಿಟ್ಟು, ಹಳೆಯ ಸ್ವೆಟರ್ ಬಿಚ್ಚಿದ ಕೆಂಪು ಉಲ್ಲನ್ನನ್ನು ಅಪ್ಪ ಅವಕ್ಕೆ ಕಟ್ಟುತ್ತಿದ್ದರು. ಕೆಂಪು ಕಂಡರೆ ಯಾರೂ ಮುಟ್ಟಬಾರದು. ಅದು ಮುಂದಿನ ವರ್ಷದ ಪಾಲು.

ಈ ವರ್ಷ ಉಲ್ಲನ್ ಕಟ್ಟುವ ಮೊದಲೇ ಅವರು ಹೊರಟುಬಿಟ್ಟಿದ್ದರು.

ಒಂದು ಸಂಜೆ ನೋರಾ ಅಪ್ಪನ ಕೋಟಿನ ಜೇಬಿನಿಂದ ಆ ಉಲ್ಲನ್ ಉಂಡೆ ತೆಗೆದುಕೊಂಡು, ನೀರಿನ ಬಕೆಟ್ ಹೊತ್ತು ತೋಟಕ್ಕೆ ಹೊರಟಳು. ಗೇಟಿನಲ್ಲಿ ವಿನ್ನಿ ರಿಡ್ಲಿ ಸಿಕ್ಕಳು. ತೋಟಗಳ ಸಂಘಕ್ಕೆ ಇಪ್ಪತ್ತು ವರ್ಷದಿಂದ ಅವಳೇ ಕಾರ್ಯದರ್ಶಿ.

"ನಿಲ್ಲು ಮಗಳೇ. ಒಂದು ವಿಷಯ ನಿನ್ನ ಕಿವಿಗೆ ಹಾಕ್ಬೇಕು."

"ಹೇಳಿ ವಿನ್ನಿ ಆಂಟಿ."

"ತೋಟ ಇದ್ದದ್ದು ನಿಮ್ಮಪ್ಪನ ಹೆಸರಲ್ಲಿ. ಅವರು ಹೋದ್ಮೇಲೆ ಅದು ಕಾಯೋರ ಪಟ್ಟೀಲಿ ಮೊದಲು ಯಾರಿದಾರೋ ಅವರಿಗೆ. ಮಗ, ಮಗಳು ಅಂತ ನಮ್ಮಲ್ಲಿ ಲೆಕ್ಕ ಇಲ್ಲ, ನಿಂಗೂ ಗೊತ್ತು. ಸೆಪ್ಟೆಂಬರ್ ಸಭೇಲಿ ತೀರ್ಮಾನ."

"ಪಟ್ಟೀಲಿ ಮೊದಲು ಯಾರಿದಾರೆ?"

ವಿನ್ನಿ ಅತ್ತಿತ್ತ ನೋಡಿದಳು. "ಆಲ್ವಿನ್ ಟೀಸ್‌ಡೇಲ್. ಅವನದು ಅರ್ಧ ಅಳತೆಯ ತೋಟ ಅಲ್ವಾ? ಪೂರ್ತಿ ತೋಟ ಬೇಕು ಅಂತ ಎಂದೋ ಹೆಸರು ಬರೆಸಿದ್ದ."

ಓ... ಹಾಗಾದರೆ ಇದು! ತಲೆ ಬಾಚಿಕೊಂಡು ಬಂದವನು... ಅಪ್ಪನ ಜಾಗದ ಮೇಲೆ ಕಣ್ಣಿಟ್ಟವನು!

ಬಿರಬಿರನೆ ನಡೆದಳು. ಹುರುಳಿಕಾಯಿ ಸಾಲಿನ ಮುಂದೆ ಬಂದು ನಿಂತಳು. ಕೈಯಲ್ಲಿದ್ದ ಉಲ್ಲನ್ ಕೆಳಗೆ ಬಿತ್ತು.

ಬಳ್ಳಿಯಲ್ಲಿ ಒಂದು ಕಾಯಿಯೂ ಇರಲಿಲ್ಲ. ಬುಡದಿಂದ ತುದಿಯವರೆಗೆ ಬೋಳು!

ಬೇಲಿಯಾಚೆ ಆಲ್ವಿನ್ ಈರುಳ್ಳಿ ಕಿತ್ತು ಬಿಸಿಲಿಗೆ ಹರವುತ್ತಿದ್ದ.

"ಇಲ್ಲಿ ಕಾಯಿ ಕಿತ್ತದ್ದು ಯಾರು?"

ಅವನು ನೆಟ್ಟಗೆ ನಿಂತ. "ನಾನೇ. ಇವತ್ತು ಮಧ್ಯಾಹ್ನ. ನಾಡಿದ್ದು ಸಂಘದವರು ತಪಾಸಣೆಗೆ ಬರ್ತಾರೆ. ಬಲಿತ ಕಾಯಿ ಬಳ್ಳೀಲಿ ನೇತಾಡ್ತಿದ್ರೆ ತೋಟ ಪಾಳು ಬಿಟ್ಟಿದಾರೆ ಅಂತ ಬರೀತಾರೆ. ಬಲಿತದ್ದನ್ನ ಬಿಟ್ರೆ ಬಳ್ಳಿ ಕಾಯಿ ಬಿಡೋದನ್ನೂ ನಿಲ್ಲಿಸುತ್ತೆ... ಎಳೇದನ್ನ ನಿಮ್ಮ ಮುಂಬಾಗಿಲಲ್ಲಿ ಇಟ್ಟಿದ್ದೆ."

"ಬಲಿತದ್ದು?"

"ಗೊಬ್ಬರದ ರಾಶಿಗೆ..."

"ಅದು ಬೀಜಕ್ಕೆ ಬಿಟ್ಟಿದ್ದು!" ನೋರಾಳ ದನಿ ಒಡೆಯಿತು. "ನಮ್ಮಮ್ಮನ ಬೀಜ ಅದು! ಅಪ್ಪ ಇಷ್ಟು ವರ್ಷ ಕಾಪಾಡಿದ್ದನ್ನ ನೀವು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಟ್ರಿ!"

ಅವನ ಮುಖ ಬಿಳಿಚಿಕೊಂಡಿತು. "ಉಲ್ಲನ್ ಇರ್ಲಿಲ್ಲ... ಪ್ರತಿ ವರ್ಷ ಕೆಂಪು ಉಲ್ಲನ್ ಇರ್ತಿತ್ತು. ಅದಿಲ್ಲ ಅಂತ..."

"ಕಟ್ಟೋರು ಸತ್ತುಹೋದ್ರು, ಟೀಸ್‌ಡೇಲ್ ಅವರೇ. ನೀವೇ ಬಂದು ಹೇಳಿದ್ರಲ್ಲ! ತೋಟ ನಿಮಗೇ ಬರುತ್ತೆ, ಪಟ್ಟೀಲಿ ನಿಮ್ಮ ಹೆಸರೇ ಮೊದಲಂತೆ. ಅಷ್ಟು ದಿನವಾದ್ರೂ ಕಾಯಬಾರದಿತ್ತಾ?"

ಅವನು ಒಂದೇ ಒಂದು ಮಾತು ಹೇಳಿದ್ದರೂ ಅವಳ ಸಿಟ್ಟು ಇಳಿಯುತ್ತಿತ್ತೇನೋ. ಆದರೆ ಅವನು ಸುಮ್ಮನೆ ತಲೆ ತಗ್ಗಿಸಿದ.

ನೋರಾ ಬಿದ್ದ ಉಲ್ಲನ್ ಎತ್ತಿ ಜೇಬಿಗೆ ಹಾಕಿಕೊಂಡು, ಬಕೆಟ್ಟನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು. ಅಪ್ಪನ ಹೆಣದ ಮುಂದೆ ಬಾರದಿದ್ದ ಅಳು ಆವತ್ತು ಬಂತು. ಭರಣಿಯ ಪಕ್ಕ ಕುಳಿತು ಕತ್ತಲಾಗುವವರೆಗೆ ಅತ್ತಳು.

ಸೆಪ್ಟೆಂಬರ್ ಎರಡನೆಯ ಶನಿವಾರ, ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸಂಘದ ಸಭೆ. ತಪಾಸಣೆಯಲ್ಲಿ ಡೆವೆನಿ ತೋಟದ ಮೇಲೆ ಒಂದು ದೂರೂ ಇರಲಿಲ್ಲ. ಅದರಿಂದ ಏನು ಬಂತು? ನೋರಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದಳು. ತೀರ್ಮಾನ ಕೇಳಿದ ಕೂಡಲೇ ಎದ್ದುಹೋಗಬಹುದಲ್ಲ, ಅದಕ್ಕೆ.

ವಿನ್ನಿ ಕನ್ನಡಕ ಏರಿಸಿದಳು. "ಮ್ಯಾಟ್ ಡೆವೆನಿ, ದೇವರು ಅವರಿಗೆ ಶಾಂತಿ ಕೊಡ್ಲಿ, ಅವರ ತೋಟ ಖಾಲಿಯಾಗಿದೆ. ಪಟ್ಟಿ ಪ್ರಕಾರ ಆಲ್ವಿನ್ ಟೀಸ್‌ಡೇಲ್."

ಆಲ್ವಿನ್ ಎದ್ದು ನಿಂತ. "ನಂಗೆ ಬೇಡ."

"ಬೇಡ್ವಾ? ಹತ್ತು ವರ್ಷದಿಂದ ಪ್ರತಿ ಈಸ್ಟರಿಗೂ ಬಂದು ನನ್ನ ತಲೆ ತಿಂದಿದೀಯಲ್ಲೋ!"

ಸಭೆ ನಕ್ಕಿತು. ಅವನು ನಗಲಿಲ್ಲ. "ನನ್ನ ಸರದೀನ ಮಿಸ್ ಡೆವೆನಿ ಅವರಿಗೆ ಕೊಡ್ತೀನಿ."

"ಸರದಿ ಕೊಡೋಕೆ ಬರೋದಿಲ್ಲಪ್ಪ. ಅಂಥ ನಿಯಮ ಇಲ್ಲ."

"ಕೊಡಬಾರದು ಅನ್ನೋ ನಿಯಮ ಇದೆಯಾ?"

ವಿನ್ನಿ ಪುಸ್ತಕ ತಿರುವಿದಳು. ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ಕೊನೆಗೆ ಪಟ್ಟೆಂದು ಮುಚ್ಚಿದಳು. "ಇಲ್ಲ. ಆದ್ರೆ ಒಂದು ತಿಳ್ಕೋ. ಸರದಿ ಬಿಟ್ಟವನು ಪಟ್ಟಿಯ ಕೊನೆಗೆ ಹೋಗ್ತಾನೆ. ಇನ್ನೂ ಹತ್ತು ವರ್ಷ."

"ಹೋಗ್ತೀನಿ."

"ಒಪ್ಪಿಗೆ ಇದ್ದೋರು ಕೈ ಎತ್ತಿ!"

ಎಲ್ಲರ ಕೈಗಳೂ ಎದ್ದವು. ನೋರಾಳಿಗೆ ಅವು ಮಸುಕಾಗಿ ಕಂಡವು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಆಲ್ವಿನ್ ಅಲ್ಲಿರಲಿಲ್ಲ.

ಅವನನ್ನು ಹುಡುಕಲು ಅವಳಿಗೆ ಕಷ್ಟವಾಗಲಿಲ್ಲ. ಅಪ್ಪನ ಶೆಡ್ಡಿನ ಮುಂದೆ, ಅದೇ ಮಗುಚಿದ ಬಕೆಟ್ಟಿನ ಪಕ್ಕದಲ್ಲಿ ನಿಂತಿದ್ದ. ಸಂಜೆಯ ಬಿಸಿಲು ಈರುಳ್ಳಿ ಜಡೆಗಳ ಮೇಲೆ ಬಿದ್ದಿತ್ತು.

"ಇದನ್ನ ಇಲ್ಲಿಟ್ಟು ಹೋಗೋಣ ಅಂತ ಬಂದೆ," ಎಂದು ಒಂದು ಸೀಸೆ ಚಾಚಿದ.

ಒಳಗೆ ಹನ್ನೊಂದು ಬೀಜ. ನೇರಳೆ, ಮೇಲೆ ಕಪ್ಪು ಚುಕ್ಕೆ.

"ಇದು... ಎಲ್ಲಿಂದ?"

"ಆವತ್ತೇ ಗೊಬ್ಬರದ ರಾಶಿ ಅಗೆದೆ. ಸಿಕ್ಕಿದ ಕಾಯೆಲ್ಲ ದಾರಕ್ಕೆ ಪೋಣಿಸಿ ಒಲೆ ಮೇಲೆ ತೂಗಿಬಿಟ್ಟಿದ್ದೆ. ಬಹಳಷ್ಟು ಸುಕ್ಕಾಗಿ ಹೋಯ್ತು. ಇಷ್ಟು ಮಾತ್ರ ಚೆನ್ನಾಗಿ ಒಣಗ್ತು. ಕ್ಷಮಿಸಿ ಮಿಸ್ ಡೆವೆನಿ... ಇಷ್ಟೇ ಉಳಿದದ್ದು."

ನೋರಾ ಬೀಜ ನೋಡುತ್ತಿರಲಿಲ್ಲ. ಸೀಸೆ ನೋಡುತ್ತಿದ್ದಳು.

ಅವಳದೇ ಜಾಮ್ ಸೀಸೆ. ಹೆಸರಿನ ಚೀಟಿಯನ್ನು ನೆನೆಸಿ, ಅಂಟಿನ ಗುರುತೂ ಉಳಿಯದಂತೆ ಉಜ್ಜಿ ತೆಗೆದಿದ್ದಾರೆ. ಮುಚ್ಚಳ ಫಳಫಳ ಹೊಳೆಯುತ್ತಿದೆ. ಮೂರು ವರ್ಷದಿಂದ ಅಪ್ಪ ಮರಳಿ ತರುತ್ತಿದ್ದ ಸೀಸೆಗಳೆಲ್ಲ ಹೀಗೆಯೇ ಇರುತ್ತಿದ್ದವು. ಕುಡಿದ ಲೋಟವನ್ನೂ ತೊಳೆಯದ ಅಪ್ಪ ಸೀಸೆ ಮಾತ್ರ ಇಷ್ಟು ಚೆನ್ನಾಗಿ ತೊಳೆಯುತ್ತಾರಲ್ಲ ಎಂದು ಅವಳು ಎಷ್ಟು ಸಲ ಅಚ್ಚರಿಪಟ್ಟಿದ್ದಳು!

"ಸೀಸೆ ತೊಳೀತಿದ್ದದ್ದು... ನೀವಾ?"

ಅವನ ಕಿವಿ ಕೆಂಪಾಯಿತು. "ನಿಮ್ಮ ತಂದೆ ರೊಟ್ಟಿ-ಜಾಮ್ ಇಬ್ಬರಿಗೂ ಆಗೋಷ್ಟು ತರ್ತಿದ್ರು. ತಿಂದವನು ತೊಳೀಬೇಕಲ್ಲ?"

"ಆವತ್ತು ಅಪ್ಪ ಏನೂ ಹೇಳಲಿಲ್ಲ ಅಂದ್ರಿ. ಅದು ಸುಳ್ಳು ಅಲ್ವಾ?"

ಅವನು ಮಗುಚಿದ ಬಕೆಟ್ಟಿನತ್ತ ನೋಡಿದ.

"ನಿಮ್ಮ ಮನೆಗೆ ಬರ್ಲಾ ಅಂತ ಆವತ್ತು ಅವರನ್ನ ಕೇಳಿದ್ದೆ. ನಿಮ್ಮನ್ನ ನೋಡೋಕೆ. ಅವರು ನಕ್ಕುಬಿಟ್ರು. 'ಮೂರು ವರ್ಷ ಅವಳ ಜಾಮ್ ತಿಂದಿದೀಯ, ಒಂದು ದಿನ ಹೋಗಿ ಚೆನ್ನಾಗಿದೆ ಅಂತ ಹೇಳೋ ಧೈರ್ಯ ಇಲ್ಲ. ಹೋಗೋ ಹೇಡಿ! ಮೊದಲು ಆ ತಲೆ ಬಾಚ್ಕೋ' ಅಂದ್ರು. ನಾನು ನಲ್ಲಿ ಹತ್ರ ಹೋಗಿ ಬಾಚ್ಕೊಂಡೆ. ತಿರುಗಿ ಬಂದು ನೋಡಿದ್ರೆ..."

ಅವನು ಗುಡ್ಡದ ಕೆಳಗಿನ ಅವಳ ಮನೆಯತ್ತ ನೋಡಿದ.

"ಅದೇ ಬಾಗಿಲಿಗೆ ಬಂದೆ, ನೋರಾ. ಬೇರೆ ಮಾತು ಹೇಳೋಕೆ ಹೊರಟವನು ಆ ಮಾತು ಹೇಳ್ಬೇಕಾಯ್ತು. ಆಮೇಲೆ ಇದನ್ನೆಲ್ಲ ಯಾವ ಬಾಯಲ್ಲಿ ಹೇಳ್ಲಿ?"

ನೋರಾ ಮೆಲ್ಲಗೆ ಆ ಬಕೆಟ್ಟಿನ ಮೇಲೆ ಕುಳಿತಳು. ಅಪ್ಪ ಕೊನೆಯ ಸಲ ನಕ್ಕಿದ್ದರು... ನೋವಿನಲ್ಲಿ ಹೋಗಲಿಲ್ಲ, ನಗುತ್ತಾ ಹೋದರು. ಇಷ್ಟು ದಿನ ಹೊತ್ತ ಬಕೆಟ್ಟುಗಳ ಭಾರವೆಲ್ಲ ಒಮ್ಮೆಗೇ ತೋಳಿನಿಂದ ಇಳಿದಂತಾಯಿತು.

ಜೇಬಿನಿಂದ ಕೆಂಪು ಉಲ್ಲನ್ ತೆಗೆದು ಸೀಸೆಯ ಕುತ್ತಿಗೆಗೆ ಕಟ್ಟಿದಳು. ಗಂಟು ಬಿಗಿಯುವಾಗ ಆಲ್ವಿನ್ ಬೆರಳಿಟ್ಟು ಹಿಡಿದುಕೊಟ್ಟ.

"ಹಾಗಾದ್ರೆ ಈಗ ಹೇಳಿ. ಜಾಮ್ ಹ್ಯಾಗಿತ್ತು?"

"ಪ್ಲಮ್ ಹಣ್ಣಿಂದು ಬಹಳ ಚೆನ್ನಾಗಿತ್ತು. ಗೂಸ್‌ಬೆರಿ ಹಣ್ಣಿಂದು... ಸ್ವಲ್ಪ ಹುಳಿ."

"ಸಕ್ಕರೆ ಉಳಿಸಿದ್ದೆ," ಎಂದಳು. ಎಷ್ಟೋ ದಿನದ ಮೇಲೆ ಅವಳ ತುಟಿಯಲ್ಲಿ ನಗು ಮೂಡಿತು. "ನಾಳೆ ಸಂಜೆ ಮನೆಗೆ ಬಾ ಆಲ್ವಿನ್. ಹಿಂಬಾಗಿಲಿಗೆ."

"ತಲೆ ಬಾಚ್ಕೊಂಡು ಬರ್ಲಾ?"

"ಬೂಟು ಹೊರಗೆ ಬಿಟ್ಟು ಬಾ. ಅಷ್ಟು ಸಾಕು."

ಇಳಿಹೊತ್ತಿನ ಪ್ರಾರ್ಥನೆಗೆ ಚರ್ಚಿನ ಗಂಟೆ ಹೊಡೆಯಿತು. ಅವಳು ಎದ್ದು ನಿಂತಳು. ಅವನು ಟೋಪಿ ತೆಗೆದ. ಬೋಳು ಬಳ್ಳಿಯ ಮುಂದೆ, ಹನ್ನೊಂದು ಬೀಜಗಳನ್ನು ಇಬ್ಬರ ನಡುವೆ ಹಿಡಿದು, ನೋರಾ ತಗ್ಗಿದ ದನಿಯಲ್ಲಿ ಬೇಡಿಕೊಂಡಳು:

"ಕರ್ತನೇ, ನಿನ್ನ ಸೇವಕ ಮ್ಯಾಟ್ ನೆಲದಡಿಯ ಕತ್ತಲಲ್ಲಿ ಬಹಳ ವರ್ಷ ದುಡಿದು ದಣಿದಿದ್ದಾನೆ. ಅವನನ್ನು ನಿನ್ನ ತೋಟದ ಬಿಸಿಲಿನಲ್ಲಿ ಕೂರಿಸಿಕೋ. ಅವನ ಕೈಗೆ ಇನ್ನು ಕೆಲಸ ಕೊಡಬೇಡ, ವಿಶ್ರಾಂತಿ ಕೊಡು. ಅವನ ಆತ್ಮಕ್ಕೆ ಶಾಂತಿ ಸಿಗಲಿ. ಆಮೆನ್."