ಶಂಕ್ರೆಪ್ಪನ ರುಮಾಲು

ವಸಂತಿ ಆ ಮನುಷ್ಯನನ್ನು ಮೊದಲ ಸಲ ಮಾತಾಡಿಸಿದ್ದೇ ಗದರಿಸಿ.

1997ರ ಒಂದು ಶನಿವಾರದ ಬೆಳಗು. ಪುಣೆಯ ಮಾರ್ಕೆಟ್ ಯಾರ್ಡಿಗೆ ಅಂದು ರಜೆ. ಈರುಳ್ಳಿ ಶೆಡ್ಡಿನ ಕೆಳಗೆ ಮನೆಮಾರಿಲ್ಲದ ಹಮಾಲರು ಗೋಣಿಚೀಲ ಹಾಸಿಕೊಂಡು ಕೂತಿದ್ದರು. ವಸಂತಿ ಚರ್ಚಿನಿಂದ ಉಪ್ಪಿಟ್ಟು, ಚಹಾ ತಂದಿದ್ದಳು. ತಿನ್ನುವ ಮುಂಚೆ ಪ್ರಾರ್ಥನೆ. ಎಲ್ಲರೂ ಎದ್ದು ನಿಂತು ಟೋಪಿ ತೆಗೆದರು. ಕೆಂಪು ರುಮಾಲಿನ ಒಬ್ಬ ಮಾತ್ರ ತೆಗೆಯಲಿಲ್ಲ.

"ದೇವರ ಮುಂದ ನಿಂತೀರಿ. ರುಮಾಲು ತಗೀರಿ."

"ದೇವರ ಮುಂದ ನಿಂತೀನಂತನ ಕಟ್ಟೀನ್ರಿ. ನಮ್ಮ ಇಂಡಿ ಕಡೆ ಮನ್ಯಾಗ ಯಾರರ ಸತ್ತರ ಬಿಚ್ಚತಾರ. ಉಪ್ಪಿಟ್ಟಿಗೆ ಬಿಚ್ಚೂದಿಲ್ರಿ."

ಸುತ್ತಲಿದ್ದವರು ನಕ್ಕರು. ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ಬೆಳೆದ ವಸಂತಿಗೆ ಈ ಪದ್ಧತಿ ತಿಳಿದಿರಲಿಲ್ಲ. ನಾಚಿಕೆಯಾಯಿತು. ಆದರೂ ಅಂದಿನಿಂದ ಪ್ರತಿ ಶನಿವಾರ ಮನಸ್ಸಿನಲ್ಲೇ ಬೇಡಿಕೊಂಡಳು: ಕರ್ತನೇ, ಈ ತಲೆ ನಿನ್ನ ಮುಂದೆ ಬರಿದಾಗಲಿ.

ಎರಡು ವರ್ಷ ಕಳೆದವು. ಆ ರುಮಾಲಿನ ಶಂಕ್ರೆಪ್ಪನ ಹೆಂಡತಿ, ಅವನು ಪುಣೆಗೆ ಬರುವ ಮೊದಲೇ ಊರಲ್ಲಿ ತೀರಿಕೊಂಡಿದ್ದಳು; ಚೀಲ ಹೊತ್ತು ಹೊತ್ತು ಅವನ ಬೆನ್ನು ಸೋತಿತ್ತು. ವಸಂತಿಯ ಚಹಾದ ಕೆಟಲಿ ಹಿಡಿಯುವುದು ಅವನ ಕೆಲಸವಾಯಿತು. ಅವಳು ಕೊಟ್ಟ ಸುವಾರ್ತೆಯ ಪುಸ್ತಕವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ.

"ನಿಮ್ಮ ಸ್ವಾಮಿಗೂ ಮನಿ ಇದ್ದಿದ್ದಿಲ್ಲಂತಲ್ರಿ. ಇಲ್ಲಿಗೆ ಬಂದಿದ್ರ ಒಂದ ಚೀಲ ಹಾಸಿ ಕೊಡತಿದ್ದೆ."

"ಚಾಷ್ಟಿ ಸಾಕು. ಎಲ್ಲಾರೂ ನನಗ ಸಿಸ್ಟರ್ ಅಂತಾರ. ನೀವ್ಯಾಕ ಅನ್ನೂದಿಲ್ಲ?"

ಚಹಾದ ಹಬೆಯ ಆಚೆಯಿಂದ ಅವನು ಅವಳನ್ನೇ ನೋಡಿದ. "ಹೆಂಗ ಅನ್ಲಿ, ವಸಂತಿಬಾಯಾರ?"

ನಲವತ್ತೊಂದಾದರೂ ಮದುವೆಯಾಗದ ವಸಂತಿ ತನ್ನ ಕೈಯಲ್ಲಿದ್ದ ಲೋಟವನ್ನು ಅವನಿಗೇ ಕೊಟ್ಟಳು.

ಚರ್ಚಿನಲ್ಲಿ ಗುಸುಗುಸು ಎದ್ದಿತು. ಸಭಾಪಾಲಕರು ಕರೆದು ಹೇಳಿದರು: ಅವನು ದೀಕ್ಷಾಸ್ನಾನ ತೆಗೆದುಕೊಂಡರೆ ಮದುವೆ ಮಾಡಿಸುತ್ತೇನೆ, ಚರ್ಚಿನ ಹಿಂದಿನ ಕೋಣೆಯಲ್ಲಿ ಇರಿ. ಇಲ್ಲವಾದರೆ ನೀನು ಇನ್ನು ಮಾರ್ಕೆಟ್ಟಿಗೆ ಹೋಗಬೇಡ.

ಅವಳು ಎಲ್ಲವನ್ನೂ ಅವನಿಗೆ ಹೇಳಿದಳು.

"ಸೂರು ಸಿಗತದ. ನೀವೂ ಸಿಗತೀರಿ," ಎಂದ ಶಂಕ್ರೆಪ್ಪ. "ನಂಬಿಕಿ ಮಾತ್ರ ಇನ್ನೂ ಬಂದಿಲ್ರಿ. ಬಂದದ ಅಂತ ಸುಳ್ಳು ಹೇಳ್ಲೇನು?"

ಹೇಳಿಬಿಡಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಬ್ಯಾಡ್ರಿ. ದೇವರ ಮುಂದ ಸುಳ್ಳು ಬ್ಯಾಡ. ನಂಬದವರನ್ನ ಮದುವಿ ಆಗ್ಲಿಕ್ಕೆ ನನಗೂ ಆಗೂದಿಲ್ಲ. ಮುಂದಿನ ಶನಿವಾರ ಬರತೀನಿ. ಅದ ಕಡೀದು."

ಕಡೆಯ ಶನಿವಾರ ಪ್ರಾರ್ಥನೆಯ ನಡುವೆ ಅವಳು ಕಣ್ಣು ತೆರೆದಳು. ಪಕ್ಕದಲ್ಲೇ ಕೆಟಲಿ ಹಿಡಿದು ನಿಂತ ಶಂಕ್ರೆಪ್ಪನ ತಲೆ ಬರಿದಾಗಿತ್ತು. ಮಡಿಸಿದ ರುಮಾಲು ತೋಳಿನ ಮೇಲಿತ್ತು. ಅವನ ಕೂದಲು ಅಷ್ಟು ನರೆತಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ನಂಬಿದ್ರೇನ್ರಿ?" ಎಂದು ಪಿಸುಗುಟ್ಟಿದಳು.

ಅವನು ಇಲ್ಲವೆಂದು ತಲೆಯಾಡಿಸಿದ. "ನನ್ನ ಮನ್ಯಾಗಿನವರು ಅಂತ ಉಳಿದವ್ರು ನೀವೊಬ್ರ, ವಸಂತಿಬಾಯಾರ. ಇವತ್ತ ನೀವೂ ಹೊಂಟೀರಿ."

ಎರಡು ವರ್ಷ ಅವಳು ಬೇಡಿಕೊಂಡಿದ್ದು ಈ ಬರಿದಲೆಯನ್ನೇ. ಹಮಾಲರು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದರು; ಉಪ್ಪಿಟ್ಟು ಆರುತ್ತಿತ್ತು. ವಸಂತಿಗೆ ಆಮೆನ್ ಅನ್ನಲು ಬಾಯಿ ಬರಲಿಲ್ಲ.